ಭಾವನ ಕೈಯಲ್ಲಿ ಕೋವಿ, ನನ್ನ ಕೈಯಲ್ಲಿ ಡಬ್ಬ

ಓದುವ ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ಕ್ಲಾಸನ್ನು ಮೀಸೆ ಬಂದ ಮೇಲೆ ಕಟ್ಟಿ ಪಾಸಾದವನು. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಟೈಪ್ ಮಾಡುತ್ತಿದ್ದೇನೆ. ಒತ್ತು, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ದುಬೈಗೆ ಮೆಟ್ರೋ ಬಂದು ಒಂದೆರಡು ವರ್ಷ ಆಗಿತ್ತು. ನಾನು ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ನನ್ನ ಹೆಂಡತಿಯ ಅಣ್ಣ, ಅಂದರೆ ನನಗೆ ಭಾವ, ಅಬುಧಾಬಿಯ ರೀಮ್ ಐಲ್ಯಾಂಡಿನಲ್ಲಿ ಸಮುದ್ರ ಕಾಣುವ ಫ್ಲ್ಯಾಟಿನಲ್ಲಿದ್ದರು. ಶುಕ್ರವಾರ ಹೆಂಡತಿ, ಮಗನನ್ನು ಕರೆದುಕೊಂಡು ಅಲ್ಲಿಗೆ ಊಟಕ್ಕೆ ಹೋಗುತ್ತಿದ್ದೆ. ಭಾವ ಬೆಳಿಗ್ಗೆಯೇ ಮೀನಾ ಮಾರ್ಕೆಟಿನಿಂದ ಅಂಜಲ್ ಮೀನು ತಂದಿಡುತ್ತಿದ್ದರು. ಊಟ ಮುಗಿದದ್ದೇ ಸೋಫಾದ ಮೇಲೆ ಕಾಲು ಮಡಚಿ ಕೂತು, ಊರಲ್ಲಿ ಕಡವೆ ಹೊಡೆದ ಕತೆ ತೆಗೆಯುತ್ತಿದ್ದರು. ನನ್ನ ಮಗ ಅವರ ತೊಡೆಗೆ ಅಂಟಿಕೊಂಡು ಬಾಯಿ ಬಿಟ್ಟು ಕೇಳುತ್ತಿದ್ದ. ನನಗೆ ತಿಂದ ಅಂಜಲ್ ಹೊಟ್ಟೆಯಲ್ಲೇ ಉರಿಯುತ್ತಿತ್ತು.

ಯಾಕೆಂದರೆ ಆ ದಿನ ಅದೇ ಕಾಡಿನಲ್ಲಿ ನಾನೂ ಇದ್ದೆ.

ಊರಿನ ಅವರ ಮನೆಯಲ್ಲಿ ಬೆಳೆ ಕಾಯಲು ಲೈಸನ್ಸ್ ಇದ್ದ ಹಳೇ ಕೇಪಿನ ಕೋವಿ ಇತ್ತು. ಬೇಟೆಗೆ ಲೈಸನ್ಸ್ ಇರಲಿಲ್ಲ, ಅದು ಬೇರೆ ಮಾತು. ಆ ಕೋವಿಗೆ ಎಲ್ಲವನ್ನೂ ನಳಿಗೆಯ ಬಾಯಿಯಿಂದಲೇ ತುಂಬಬೇಕು. ಮೊದಲು ಮಸಿ, ಅಂದರೆ ಕೋವಿಮದ್ದು, ಮೇಲೆ ತೆಂಗಿನ ನಾರು, ಆಮೇಲೆ ಗುಂಡು, ಮತ್ತೆ ನಾರು. ಒಂದೊಂದನ್ನೂ ಕಬ್ಬಿಣದ ಸಲಾಕೆಯಿಂದ ಜಡಿಯಬೇಕು. ಹಕ್ಕಿಗಾದರೆ ಸಣ್ಣ ಚರೆ ಸಾಕು. ಕಡವೆಗೆ ಸೀಸ ಕರಗಿಸಿ ಎರೆದ, ಗೋಲಿಯಂಥ ಉರುಟು ಗುಂಡೇ ಆಗಬೇಕು. ಒಂದು ಸಲ ಗುರಿ ತಪ್ಪಿದರೆ ಮತ್ತೆ ತುಂಬುವಷ್ಟರಲ್ಲಿ ಕಡವೆ ಇನ್ನೊಂದು ಗುಡ್ಡದಲ್ಲಿರುತ್ತದೆ.

ಕೋವಿ ಭಾವನ ಕೈಯಲ್ಲಿತ್ತು. ನನ್ನದು ಕಾಡು ಸೋವುವ ಕೆಲಸ. ಡಬ್ಬ ಬಡಿದು, ಬೊಬ್ಬೆ ಹಾಕಿ, ಪೊದೆಗೆ ನುಗ್ಗಿ, ಪ್ರಾಣಿಯನ್ನು ಕೋವಿಯ ಕಡೆಗೆ ಓಡಿಸುವುದು. ಮುಳ್ಳು ನಮಗೆ, ಗುರಿ ಅವರಿಗೆ. ಹೊಡೆದವನಿಗೆ ತಲೆ ಮತ್ತು ಒಂದು ತೊಡೆ, ಸೋವಿದವರಿಗೆ ಉಳಿದದ್ದರಲ್ಲಿ ಸಮಪಾಲು, ಇದು ನಮ್ಮ ಕಡೆಯ ಪದ್ಧತಿ. ಕತೆಯಲ್ಲಿ ಮಾತ್ರ ಸೋವಿದವನಿಗೆ ಪಾಲೇ ಇಲ್ಲ.

ಆ ಸಂಜೆ ಅವರ ಅಂಗಳದಲ್ಲಿ ಜನ ಭಾವನ ಸುತ್ತ ಮುತ್ತಿಕೊಂಡಿದ್ದರು. ತಂಗಿ ಚೊಂಬಿನಲ್ಲಿ ನೀರು ತಂದು ಅಣ್ಣನ ಕೈಗೆ ಹೊಯ್ದಳು. ಅವಳೇ ಈಗ ನನ್ನ ಹೆಂಡತಿ. ಗೀರಿಹೋದ ಕಾಲಿನಲ್ಲಿ ಹಿಂದೆ ನಿಂತಿದ್ದ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಹೊಟ್ಟೆಕಿಚ್ಚು ಅಲ್ಲಿಂದ ಶುರು.

ರೀಮ್ ಐಲ್ಯಾಂಡಿನ ಕತೆಯಲ್ಲಿ ಭಾವ ಒಂದೇ ಗುಂಡಿಗೆ ಕಡವೆ ಬೀಳಿಸುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಒಂದು ಶುಕ್ರವಾರ ತಡೆಯಲಾಗಲಿಲ್ಲ. ಮಗನ ಎದುರೇ ಅವರ ಮುಖ ಸಣ್ಣದು ಮಾಡಬೇಕು ಅಂತಲೇ ಕೇಳಿದೆ.

“ಭಾವ, ಆ ಸಲಾಕೆ ಎಂತಾಯ್ತು? ಅದನ್ನೂ ಹೇಳಿ ಮಾರಾಯ್ರೆ.”

“ಎಂತ ಸಲಾಕೆ ಅಣ್ಣ?” ಹೆಂಡತಿ ಕೇಳಿದಳು.

ಈಗ ಸಿಕ್ಕಿಬಿದ್ದರು ಅಂದುಕೊಂಡೆ. ಭಾವ ತೊಡೆ ತಟ್ಟಿಕೊಂಡು ನಕ್ಕರು.

“ಅಯ್ಯೋ, ಅದನ್ನು ಮರೆತೇ ಬಿಟ್ಟಿದ್ದೆ ನೋಡಿ!”

ಎದ್ದು ಹೋಗಿ ಅಡುಗೆಮನೆಯಿಂದ ನೆಲ ಒರೆಸುವ ಕೋಲು ತಂದು ಕೋವಿಯ ಹಾಗೆ ಹಿಡಿದರು. “ಗುಂಡು ಜಡಿದೆ. ಅಷ್ಟರಲ್ಲಿ ಎದುರಿಗೇ ಕಡವೆ! ಗಡಿಬಿಡಿಯಲ್ಲಿ ಸಲಾಕೆ ನಳಿಗೆಯಲ್ಲೇ ಉಂಟು. ಟ್ರಿಗರ್ ಎಳೆದೆ. ಢಂ! ಗುಂಡೂ ಹೋಯ್ತು, ಸಲಾಕೆಯೂ ಹೋಯ್ತು, ಖಲಾಸ್! ಕಡವೆ ನನ್ನನ್ನೊಮ್ಮೆ ನೋಡಿ, ಪಾಪ ಇವನಿಗೆ ಎಂತಾಯ್ತು ಅಂತ ಮೆಲ್ಲ ನಡ್ಕೊಂಡು ಹೋಯ್ತು.”

ಹೆಂಡತಿ ನಗುತ್ತಾ ಕಣ್ಣು ಒರೆಸಿಕೊಂಡಳು. ಮದುವೆಯಾದಾಗಿನಿಂದ ನನ್ನ ಒಂದು ಮಾತಿಗೂ ಅವಳು ಹಾಗೆ ನಕ್ಕದ್ದಿಲ್ಲ.

“ಆಮೇಲೆ ಬಿದಿರಿನ ಕೋಲು ಕಡಿದು ಗುಂಡು ಜಡಿದದ್ದು. ಇವರು ಪುನಃ ಸೋವಿದ್ರು, ಎರಡನೇ ಗುಂಡಿಗೆ ಕಡವೆ ಬಿತ್ತು. ಆ ಸಲಾಕೆ ಹುಡುಕಿದ್ದು ಯಾರು ಗೊತ್ತುಂಟಾ ಪುಟ್ಟ? ನಿನ್ನ ಪಪ್ಪ! ಪೊದೆಯಲ್ಲಿ ನುಸುಳಿ, ಮೂಸಿ ಮೂಸಿ ತಂದ್ರು.”

ಮಗ ನನ್ನ ಕಡೆ ತಿರುಗಿದ. “ಪಪ್ಪಾ, ಸೋ ಯು ವರ್ ದ ಡಾಗ್?”

“ಛೆ, ಹಾಗೆ ಹೇಳ್ಬಾರ್ದು,” ಅಂದ ಭಾವನೇ ಹೊಟ್ಟೆ ಹಿಡಿದುಕೊಂಡಿದ್ದರು.

“ನಾಯಿ ಅಲ್ಲ ಮಗ,” ಅಂದೆ. “ನಾಯಿ ಬೇರೆಯೇ ಇತ್ತು.”

ಅದಕ್ಕೆ ಎಲ್ಲರೂ ಇನ್ನೂ ಜೋರಾಗಿ ನಕ್ಕರು.

ದುಬೈಗೆ ವಾಪಸ್ ಬರುವ ಬಸ್ಸಿನಲ್ಲಿ ಮಗನನ್ನು ಪಕ್ಕದಲ್ಲಿ ಕೂರಿಸಿ ನನ್ನ ಕತೆ ಹೇಳಿದೆ. ಡಬ್ಬ, ಬೊಬ್ಬೆ, ಬೆನ್ನಟ್ಟಿದ ಕಣಜದ ಹುಳ. ಪ್ಯಾಂಟ್ ಮೇಲೆ ಮಾಡಿ ಮುಳ್ಳು ಸಿಗಿದ ಗಾಯದ ಗುರುತು ತೋರಿಸಿದೆ. ಅವನು ಬೆರಳಿನಿಂದ ಅದನ್ನು ಸವರಿ ನೋಡಿದ.

“ಪಪ್ಪಾ, ನೆಕ್ಸ್ಟ್ ಫ್ರೈಡೇ ಇದನ್ನು ಮಾಮನಿಗೆ ಹೇಳು,” ಅಂದ. “ಹಿ ವಿಲ್ ಟೆಲ್ ಇಟ್ ಬೆಟರ್.”

ಹಾಗೆಯೇ ಆಯಿತು. ಮುಂದಿನ ಶುಕ್ರವಾರದಿಂದ ನನ್ನ ಡಬ್ಬ, ನನ್ನ ಕಣಜ ಎಲ್ಲ ಭಾವನ ಕತೆಗೆ ಸೇರಿದವು. ಚೆನ್ನಾಗಿಯೇ ಹೇಳುತ್ತಿದ್ದರು, ಸುಳ್ಳು ಹೇಳಬಾರದು.

ಕೋವಿ ಹಿಡಿದವರ ಕತೆ ಎಲ್ಲರಿಗೂ ಗೊತ್ತಿದೆ, ಅವರು ಬರೆಯದಿದ್ದರೂ ನಡೆಯುತ್ತದೆ. ನಿಮ್ಮಲ್ಲಿ ಯಾರಾದರೂ ನನ್ನ ಹಾಗೆ ಕಾಡು ಸೋವಲು ಹೋದವರಿದ್ದರೆ ಕೆಳಗೆ ಬರೆಯಿರಿ. ನಿಧಾನವಾಗಿ ಟೈಪ್ ಮಾಡಿದರೂ ಸಾಕು, ನಾನು ಕಾಯುತ್ತೇನೆ.