ಆರು ಗಂಟೆಗೆ ಮನೆಗೆ ಬಂದವರು

ಮೊನ್ನೆ ಹಾಸನದಲ್ಲಿ ಬಸ್ಸಿಳಿದು ಕನ್ನಡಕದ ಅಂಗಡಿ ಹುಡುಕಿಕೊಂಡು ಹೋಗುತ್ತಿದ್ದೆ. ಒಂದು ಓಣಿಯ ತಿರುವಿನಲ್ಲಿ ವಾರ್ನಿಷ್ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಮುಂದೆ ಹೋಗುತ್ತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ನಿಂತೇಬಿಟ್ಟೆ. ಸುಟ್ಟುಹೋದ ಪಂಪ್‌ಸೆಟ್ ಮೋಟರಿಗೆ ಹೊಸ ತಂತಿ ಸುತ್ತಿ, ವಾರ್ನಿಷ್ ಹುಯ್ದು ಒಣಗಿಸುವ ವೈಂಡಿಂಗ್ ಅಂಗಡಿ ಅದು. ಹೊಳೆನರಸೀಪುರದಲ್ಲಿ ನಮ್ಮ ಯಜಮಾನರದ್ದೂ ಇಂಥದೇ ಅಂಗಡಿ. ಮದುವೆಯಾದ ಹೊಸದರಲ್ಲಿ ಅವರ ಅಂಗಿ ಒಗೆಯುವಾಗ ಈ ವಾಸನೆ ಹೋಗಲೆಂದು ಎರಡೆರಡು ಸಲ ಸೋಪು ಹಾಕುತ್ತಿದ್ದೆ. ಬರುಬರುತ್ತಾ ಅವರು ಮನೆಗೆ ಬಂದುಹೋದರು ಎನ್ನುವುದಕ್ಕೆ ಆ ಅಂಗಿಯೊಂದೇ ಸಾಕ್ಷಿಯಾಯಿತು.

ಮೋಟರುಗಳು ಹೊತ್ತುಗೊತ್ತು ನೋಡಿ ಸುಡುವುದಿಲ್ಲವಲ್ಲ. ಇವರು ಮುದ್ದೆ ಮುರಿದು ಸಾರಿಗೆ ಅದ್ದುವಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೂಗುತ್ತಿದ್ದರು: "ಅಣ್ಣೋ, ಮೋಟ್ರು ಸುಟ್ಟೋಯ್ತು. ತ್ವಾಟ ಒಣಗೋಯ್ತದೆ ಕಣಣ್ಣೋ." ಇವರು ಕೈ ತೊಳೆದು ಎದ್ದುಬಿಡುವರು. "ಬತ್ತೀನಿ, ನೀನು ಉಂಡ್ಬುಡು" ಎನ್ನುವರು. ಮೊದಮೊದಲು ನಾನು ಉಣ್ಣದೆ ಕಾದೆ. ಆಮೇಲೆ ಜಗಳವಾಡಿದೆ. "ಇವತ್ತೊಂದಿನ ಬ್ಯಾಡ ಅನ್ನಕ್ಕಾಗಲ್ವಾ ನಿಮಗೆ?" ಎಂದರೆ, "ಭಾನುವಾರ ಮನೇಲೇ ಇರ್ತೀನಿ ಬುಡೆ" ಎನ್ನುವರು. ಆ ಭಾನುವಾರವೂ ಯಾರದೋ ತೋಟಕ್ಕೆ ಹೋಗುತ್ತಿತ್ತು.

ಜಗಳದಿಂದ ಬೇಸತ್ತು ನಾನು ಬುದ್ಧಿವಂತಳಾದೆ. ಹಳ್ಳಿಮೈಸೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಲೆಕ್ಕದ ಟೀಚರಿಗೆ ಸಮಯ ಭಾಗಿಸುವುದು ಬಾರದೆ ಇರುತ್ತದೆಯೇ? ಬಸ್ಸಿನಲ್ಲಿ ಕೂತೇ ಅವರೆಕಾಯಿ ಸುಲಿದೆ. ಒಮ್ಮೆ ಅದರ ಸಿಪ್ಪೆಯನ್ನು ಜೋಪಾನವಾಗಿ ಚೀಲಕ್ಕೆ ತುಂಬಿಕೊಂಡು, ಕಾಳನ್ನು ಕಿಟಕಿಯಿಂದಾಚೆ ಎಸೆದದ್ದೂ ಉಂಟು. ಸ್ಕೂಟರ್ ಕಲಿತೆ. ಮಗಳ ಜ್ವರ, ಶಾಲೆಯ ಮೀಟಿಂಗು, ಗ್ಯಾಸ್ ಸಿಲಿಂಡರು, ನೆಂಟರ ಮದುವೆ, ಎಲ್ಲಕ್ಕೂ ಒಬ್ಬಳೇ ಹೋಗಿಬಂದೆ. ಸಂಜೆ ನಡುಮನೆಯಲ್ಲಿ ಟ್ಯೂಷನ್ ಶುರುಮಾಡಿದೆ. ಸ್ಟಾಫ್ ರೂಮಿನಲ್ಲಿ "ಅದ್ಹೇಗ್ರೀ ಮೇಡಂ ಎಲ್ಲಾ ಮ್ಯಾನೇಜ್ ಮಾಡ್ತೀರಿ?" ಎಂದು ಕೇಳಿದರೆ ಬೀಗುತ್ತಿದ್ದೆ. ಮನೆ ಅವರಿಲ್ಲದೆಯೂ ಚೆನ್ನಾಗಿ ನಡೆಯುತ್ತಿತ್ತು. ನನ್ನ ಹೆಮ್ಮೆಯೆಲ್ಲ ಆ ಒಂದು ಮಾತಿನಲ್ಲೇ ಇತ್ತು.

ಮಗಳು ಪಿಯುಸಿ ಓದುತ್ತಿದ್ದ ವರ್ಷ, ಒಂದು ದಿನ ಇವರು ಸಂಜೆ ಆರಕ್ಕೇ ಬಂದುಬಿಟ್ಟರು. ನಡುಮನೆ ತುಂಬಾ ಟ್ಯೂಷನ್ ಮಕ್ಕಳು. ಚಪ್ಪಲಿ ಬಿಡಲು ಜಾಗವಿಲ್ಲದೆ ಹೊಸ್ತಿಲಲ್ಲೇ ನಿಂತು, ನಗುತ್ತಾ ಹೇಳಿದರು: "ಇನ್ಮೇಲೆ ಆರು ಗಂಟೆಗೇ ಬಾಗ್ಲು ಹಾಕ್ತೀನಿ ಕಣೆ. ಸಾಕು, ದುಡಿದದ್ದು."

ಎಷ್ಟು ವರ್ಷ ಕಾದಿದ್ದ ಮಾತು! ಆದರೆ ನನ್ನ ಬಾಯಿಂದ ಬಂದದ್ದು, "ಒಳಗೆ ಕೂತ್ಕೊಳ್ಳಿ, ಮಕ್ಕಳಿಗೆ ಡಿಸ್ಟರ್ಬ್ ಆಗುತ್ತೆ."

ಒಳಗೆ ಹೋದರು. ಪಾತ್ರೆಗಳು ಸದ್ದಾದವು. "ಸಕ್ಕರೆ ಎಲ್ಲಿಟ್ಟಿದ್ದೀಯೆ?" ಎಂಬ ಕೂಗು ಬಂತು. ಮಕ್ಕಳು ಕಿಸಕ್ಕೆಂದರು, ನನಗೆ ಅವಮಾನವಾದಂತಾಯಿತು. ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓದುತ್ತಿದ್ದಳು, ಅಪ್ಪ ಬಂದದ್ದೇ ಅವಳಿಗೆ ತಿಳಿಯಲಿಲ್ಲ. ಮರುದಿನ ಬಂದು, "ಹೊಳೆ ತಂಕ ಹೋಗ್ಬರಾನ, ಬಾ" ಎಂದರು. ನನ್ನ ಮುಂದೆ ತಿದ್ದುವ ಪೇಪರುಗಳ ಕಟ್ಟಿತ್ತು. "ಭಾನುವಾರ ನೋಡಾಣ" ಎಂದೆ. ಹೇಳಿದ ಮೇಲೆ ಅದು ಯಾರ ಮಾತೆಂದು ನೆನಪಾಗಿ ತುಟಿ ಕಚ್ಚಿಕೊಂಡೆ. ಭಾನುವಾರ ನಾನು ವಾರದ ಬಟ್ಟೆ ರಾಶಿ ಹಾಕಿಕೊಂಡು ಕೂತಿದ್ದೆ. ಅವರು ಎರಡು ಸಲ ಬಟ್ಟೆ ಕಲ್ಲಿನ ಹತ್ತಿರ ಬಂದು ನಿಂತು, ಒಣಹಾಕುವ ತಂತಿ ಬಿಗಿಯಾಗಿದೆಯೇ ಎಂದು ಎಳೆದು ನೋಡಿ, ಒಳಗೆ ಹೋದರು.

ಕೆಲವು ದಿನ ಕಳೆದ ಮೇಲೆ ಮತ್ತೆ ಒಂಬತ್ತಕ್ಕೆ ಬಂದರು. "ಕೊಣನೂರಿಂದ ಯಾರೋ ಬಂದ್ಬುಟ್ರು" ಎಂದರು. ನಾನು ಯಾರೆಂದು ಕೇಳಲಿಲ್ಲ. ನಿಜ ಹೇಳಬೇಕೆಂದರೆ ಹಾಯೆನಿಸಿತ್ತು. ನಡುಮನೆ ಮತ್ತೆ ನನ್ನದಾಗಿತ್ತು. ಇಬ್ಬರಲ್ಲಿ ತಪ್ಪು ಯಾರದೆಂದು ಈಗಲೂ ನನಗೆ ಲೆಕ್ಕ ಹತ್ತುವುದಿಲ್ಲ. ಅವರಿಗೆ ಬಿಡುವಾದಾಗ ನನಗಿರಲಿಲ್ಲ, ಅಷ್ಟೆ. ನನಗೆ ಬಿಡುವಾಗುವ ಹೊತ್ತಿಗೆ ಅವರು ಕೇಳುವುದನ್ನೇ ಬಿಟ್ಟಿದ್ದರು.

"ಏನ್ ಬೇಕಿತ್ತಮ್ಮಾ?" ಎಂದು ಹಾಸನದ ವೈಂಡಿಂಗ್ ಅಂಗಡಿಯವನು ಕೇಳಿದಾಗ ಎಚ್ಚರವಾಯಿತು. ಏನಿಲ್ಲ ಎಂದು ಕನ್ನಡಕವನ್ನೂ ಮರೆತು ವಾಪಸ್ ಬಸ್ಸು ಹತ್ತಿದೆ. ಊರಲ್ಲಿಳಿದು ಮನೆಯ ಕಡೆ ತಿರುಗದೆ ನೇರ ಇವರ ಅಂಗಡಿಗೆ ಹೋದೆ. ನಾನು ಅಲ್ಲಿಗೆ ಕಾಲಿಟ್ಟು ವರ್ಷಗಳೇ ಆಗಿದ್ದವು.

ನನ್ನನ್ನು ಕಂಡದ್ದೇ ಅವರ ಕೈಯ ತಂತಿಯ ಸುರುಳಿ ಕೆಳಗೆ ಬಿತ್ತು. ಮುಖ ಬಿಳಿಚಿಕೊಂಡಿತು. "ಏನಾಯ್ತೇ? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ಸುಮ್ನೆ ಬಂದೆ."

"ಸುಮ್ನೆ ಬಂದಾ?"

"ನಿಮ್ಮ ಜೊತೆ ಒಂದಷ್ಟು ಹೊತ್ತು ಕೂತಿರಾಣ ಅಂತ."

ಅವರು ನಂಬಲಿಲ್ಲ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮೈಸೂರಿನಲ್ಲಿರುವ ಮಗಳಿಗೆ ಫೋನ್ ಹಚ್ಚಿದರು. "ಎಲ್ಲಾ ಚೆನ್ನಾಗಿದ್ದೀರಾ ಅಲ್ವೇನವ್ವಾ? ಮಗಾನೂ? ನಿನ್ನ ಗಂಡಾನೂ?" ಎಂದು ಒಬ್ಬೊಬ್ಬರನ್ನಾಗಿ ವಿಚಾರಿಸಿದರು. ಫೋನ್ ಕೆಳಗಿಟ್ಟ ಮೇಲೂ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಸ್ಟೂಲಿನ ಧೂಳು ಒರೆಸಿ ನನ್ನ ಕಡೆ ಸರಿಸಿದರು.