ಬರ್ಲಿನ್ನಿನವಳು ಬಂಟ್ವಾಳದಲ್ಲಿ

ನಮ್ಮ ಸ್ವರದ ಟೀಚರ ಮೇಲಿನ ಎದುರು ಹಲ್ಲುಗಳ ನಡುವೆ ಒಂದು ಕುಚ್ಚಲಕ್ಕಿಯ ಅಗುಳು ನಿಲ್ಲುವಷ್ಟು ಸಂದು ಇತ್ತು. ಇದು ಅಂದಾಜಿನ ಮಾತಲ್ಲ. ಕಾಲೇಜು ಕ್ಯಾಂಟೀನಿನಲ್ಲಿ ಊಟ ಮಾಡುತ್ತಿದ್ದಾಗ ಅವರೇ ಒಂದು ಅಗುಳನ್ನು ಅಲ್ಲಿ ನಿಲ್ಲಿಸಿ, ಎದುರಿಗೆ ಕೂತ ನನಗೆ ತೋರಿಸಿದ್ದರು. "ಊರಿನ ನಾಟಕದಲ್ಲಿ ನಾನು ನಾಯಕಿ ಆಗಿದ್ದಾಗ ಇದನ್ನು ಯಾರೂ ನೋಡಲಿಲ್ಲ. ಬೆಂಗಳೂರಿನ ಧಾರಾವಾಹಿಯವರು ಮೊದಲ ದಿನವೇ ನೋಡಿದರು. ಪಕ್ಕದ ಹಲ್ಲಿಗೆ ಕಪ್ಪು ಬಳಿದು, ಈಗ ನಗಿ ಮೇಡಂ ಎಂದರು." ಇಷ್ಟು ಹೇಳಿ ಅಗುಳನ್ನು ನಾಲಗೆಯಿಂದ ಎಳೆದುಕೊಂಡು ನುಂಗಿದರು.

ಮೂಡುಬಿದಿರೆಯಲ್ಲಿ ನಮ್ಮ ಕಾಲೇಜಿನ ಚರ್ಚಾ ತಂಡಕ್ಕೆ ಅವರು ಶನಿವಾರಗಳಂದು ಸ್ವರ ಕಲಿಸಲು ಬರುತ್ತಿದ್ದರು. ಪುತ್ತಿಗೆಯಲ್ಲಿ ಬಾಡಿಗೆ ಕೋಣೆ, ಒಂಟಿ ಜೀವನ, ಕೈಯಲ್ಲಿ ಸದಾ ಒಂದು ಹಳೆಯ ಫೋನು. ವಾದಕ್ಕೆ ಬೇಕಾದ ವಿಷಯ ನಮ್ಮ ಹತ್ತಿರ ಇರುತ್ತಿತ್ತು, ಅದನ್ನು ಕೊನೆಯ ಸಾಲಿನ ಕುರ್ಚಿಗೆ ತಲುಪಿಸುವುದು ಹೇಗೆಂದು ಹೇಳಿಕೊಡುವುದು ಅವರ ಕೆಲಸ. ಹೇಳಿಕೊಡುವಾಗ ದಯೆ ದಾಕ್ಷಿಣ್ಯ ಇರಲಿಲ್ಲ. ನನಗೆ ಮೊದಲ ದಿನ ಹೇಳಿದ್ದು: "ನಿನ್ನ ಸ್ವರ ಮೂಗಿನಲ್ಲಿ ಬಾಡಿಗೆಗೆ ಉಂಟು ಮಾರಾಯ್ತಿ. ಮೊದಲು ಅಲ್ಲಿಂದ ಖಾಲಿ ಮಾಡಿಸು." ನಾರಾವಿಯಿಂದ ಬರುತ್ತಿದ್ದ ಒಬ್ಬಳು ಬೈಗುಳ ತಡೆಯಲಾರದೆ ಅತ್ತಾಗ, ಟೀಚರು ಕುರ್ಚಿಯಿಂದ ಮುಂದಕ್ಕೆ ಬಾಗಿ ಅವಳ ಮುಖವನ್ನೇ ನೋಡಿದರು. "ಅಳು ಒಳ್ಳೆದುಂಟು. ಆದರೆ ಮಾತು ಕೇಳುವುದಿಲ್ಲ. ಅಳುತ್ತಲೇ ಇರು, ಅದೇ ವಾಕ್ಯ ಇನ್ನೊಮ್ಮೆ ಹೇಳು." ಅವಳು ಹೇಳಿದಳು. ಅಕ್ಷರ ಅಕ್ಷರ ಕೇಳಿಸಿತು. ಅವಳು ಮರುವಾರದಿಂದ ಬರಲಿಲ್ಲ.

ನನಗೆ ಅವರು ಕಲಿಸಿದ ಮುಖ್ಯ ಪಾಠ ಮೌನದ್ದು. ಎದುರಾಳಿಗೆ ಪ್ರಶ್ನೆ ಹಾಕಿದ ಮೇಲೆ ನಾನು ಸುಮ್ಮನಿರಲಾರದೆ ಉತ್ತರವನ್ನೂ ನಾನೇ ಹೇಳುತ್ತಿದ್ದೆ. "ಕೇಳು, ನಿಲ್ಲು. ಅವನ ಮುಖ ನೋಡು. ಸಭೆಗೆ ಕಷ್ಟ ಆಗ್ತದೆ, ಆಗಲಿ. ಮೊದಲು ಬಾಯಿ ತೆರೆದವನು ಸೋತ." ಹೀಗೆಂದು ನನ್ನನ್ನು ಪ್ರಶ್ನೆ ಕೇಳಲು ಹೇಳಿ, ತಾವು ಎದುರು ಕೂತು, ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ವರ್ಷವಿಡೀ ಸೋತವಳು ನಾನೇ.

ಅವರು ಸೋಲುತ್ತಿದ್ದುದು ಒಂದೇ ಕಡೆ. ಫೋನು ಮೊಳಗಿದರೆ ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ತೆಗೆದು ನೋಡಿ, ಸಾಲ ಬೇಕಾ ಎಂದು ಕೇಳುವ ಯಾವುದೋ ಹುಡುಗಿಯ ಸ್ವರ ಕೇಳಿ, ಮತ್ತೆ ಮೇಜಿನ ಮೇಲೆ ಮುಖ ಮೇಲಾಗಿ ಇಡುತ್ತಿದ್ದರು. ಅವರು ಕಾಯುತ್ತಿದ್ದುದು ಬಂಟ್ವಾಳದ ಕಡೆಯ ಯಾವುದಾದರೂ ನಾಟಕ ತಂಡದ ಕರೆಗೆ. ತುಳುವಿನಲ್ಲಿ ಒಂದು ಪಾತ್ರ, ತಮ್ಮ ಊರಿನ ಸ್ಟೇಜಿನಲ್ಲಿ. ಮುದುಕಿಯದ್ದಾದರೂ ಆಗಬಹುದು ಎನ್ನುತ್ತಿದ್ದರು. ಪುತ್ತಿಗೆಯಿಂದ ಬಂಟ್ವಾಳಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಷ್ಟು ಹತ್ತಿರದಲ್ಲಿ ಕೂತು ದೇಶಾಂತರ ಹೋದವರ ಹಾಗೆ ಕಾಯುವುದು ನನಗೆ ಅತಿ ಎನಿಸುತ್ತಿತ್ತು. ಹಾಗೆಂದು ಕೇಳಿಯೂ ಬಿಟ್ಟೆ. ಆಗ ಅವರು ಹಳೆಯ ಕಥೆ ಹೇಳಿದರು.

ಬಂಟ್ವಾಳದ ಹತ್ತಿರ ಒಂದು ಮೈದಾನದಲ್ಲಿ ತುಳು ನಾಟಕ. ಟೀಚರು ನಾಯಕಿ. ಗಂಡ ಸತ್ತಿದ್ದಾನೆ, ಹೆಣ ಮಧ್ಯದಲ್ಲಿ, ಇವರು ಅದರ ಮೇಲೆ ಬಿದ್ದು ಅಳುತ್ತಿದ್ದಾರೆ. ಅಷ್ಟರಲ್ಲಿ ಅಧ್ಯಕ್ಷರ ಕಾರು ಬಂತು. ಯಾವುದರ ಅಧ್ಯಕ್ಷರು ಎಂದು ಕೇಳಿದರೆ, ಆ ಕಡೆಯ ಹೆಚ್ಚಿನ ಸಮಿತಿಗಳಿಗೆಲ್ಲ ಅವರೇ. ನಮ್ಮ ಕಡೆ ಇದೊಂದು ಕ್ರಮ: ದೊಡ್ಡವರು ತಡವಾಗಿ ಬಂದರೆ ನಾಟಕವನ್ನು ಅರ್ಧಕ್ಕೆ ನಿಲ್ಲಿಸಿ ಸನ್ಮಾನ ಮುಗಿಸುವುದು. ಹೆಣ ಮಲಗಿದ್ದ ಹಾಗೆಯೇ ಇತ್ತು. ಅದರ ಪಕ್ಕದಲ್ಲೇ ಕುರ್ಚಿ ಹಾಕಿ ಅಧ್ಯಕ್ಷರನ್ನು ಕೂರಿಸಿದರು. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಮಾತೂ ಆಯಿತು. ಅವರು ಇಳಿದು ಮುಂದಿನ ಸಾಲಿನಲ್ಲಿ ಕೂತ ಮೇಲೆ ನಾಟಕ ಮುಂದುವರಿಯಬೇಕು. ಟೀಚರು ಪುನಃ ಹೆಣದ ಮೇಲೆ ಬಿದ್ದು, ಅದೇ ಅಳುವ ಸ್ವರದಲ್ಲಿ ಹೇಳಿದರು: "ಸ್ವಲ್ಪ ಬೇಗವೇ ಸತ್ತಿರಲ್ಲ ನೀವು? ಏಳಿ, ಅಧ್ಯಕ್ಷರು ಬಂದಿದ್ದಾರೆ. ನಿಮಗೂ ಒಂದು ಶಾಲು ಸಿಕ್ಕೀತು."

ಮೊದಲು ನಗಾಡಿದ್ದು ಹೆಣ. ಹೊಟ್ಟೆ ಕುಣಿಯುವುದು ಮೈದಾನದ ಕೊನೆಯವರೆಗೆ ಕಂಡಿತಂತೆ. ಆಮೇಲೆ ಮೈದಾನವೇ ನಗಾಡಿತು. ಅಧ್ಯಕ್ಷರೂ ನಗಾಡಿದರು, ನಾಟಕ ಮುಗಿದ ಮೇಲೆ "ಒಳ್ಳೆ ಪಂಚ್ ಕೊಟ್ಟೆ" ಎಂದು ಬೆನ್ನು ತಟ್ಟಿಯೇ ಹೋದರು.

ಮುಂದಿನ ನಾಟಕದ ಬುಕ್ಕಿಂಗಿಗೆ ಬಂದ ಸಮಿತಿಯವರು ತಂಡದ ಯಜಮಾನನಿಗೆ ಹೇಳಿದ್ದು ಇಷ್ಟೇ: "ನಾಟಕ ಆಗಬಹುದು. ಆ ಹೆಂಗಸು ಬೇಡ." ಇನ್ನೊಂದು ಸಮಿತಿ, ಅದೇ ಮಾತು. ಯಜಮಾನನಿಗೂ ಹೊಟ್ಟೆ ಉಂಟಲ್ಲ. ಬೇರೆ ತಂಡಗಳಿಗೂ ಹೊಟ್ಟೆ ಉಂಟು. ಅಂದು ಹೆಣವಾಗಿ ಮಲಗಿ ಮೊದಲು ನಗಾಡಿದವನು ಎದುರು ಸಿಕ್ಕಿದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ಹೋಗತೊಡಗಿದ. ಒಂದು ಮಳೆಗಾಲ ಕಳೆದ ಮೇಲೆ ಟೀಚರು ಬೆಂಗಳೂರಿನ ಬಸ್ಸು ಹತ್ತಿದರು. ಹಾಗೆ ನನ್ನನ್ನು ಊರಿನಿಂದ ಓಡಿಸಿದರು, ಎಂದು ಕಥೆ ಮುಗಿಸಿದರು.

"ಟೀಚರ್, ಹಾಗಾದರೆ ನಿಮ್ಮನ್ನು ಯಾರೂ ಓಡಿಸಲಿಲ್ಲ. ನೀವೇ ಹೋದದ್ದು" ಎಂದೆ. ಪದದ ಅರ್ಥ ಮೊದಲು ನಿಗದಿಯಾಗದೆ ವಾದ ಶುರುವಾಗಬಾರದು ಎಂದು ಚರ್ಚಾ ತಂಡದಲ್ಲಿ ನಮಗೆ ಕಲಿಸಿದ್ದರಲ್ಲ.

"ಹೌದು, ನಾನೇ ಹೋದದ್ದು. ಟಿಕೆಟು ಸಹ ನಾನೇ ತೆಗೆದದ್ದು" ಎಂದರು. ಮತ್ತೇನೂ ಹೇಳದೆ ನನ್ನ ಮುಖ ನೋಡುತ್ತಾ ಕೂತರು. ಎಂದಿನಂತೆ ನಾನೇ ಮೊದಲು ಬಾಯಿ ತೆರೆದೆ.

ಬೆಂಗಳೂರಿನ ಧಾರಾವಾಹಿಯಲ್ಲಿ ಅವರಿಗೆ ಸಿಕ್ಕಿದ್ದು ಅಡುಗೆಯವಳ ಪಾತ್ರ. "ನಿಮ್ಮೂರಿನ ಥರಾನೇ ಮಾತಾಡಿ" ಎಂದರಂತೆ ನಿರ್ದೇಶಕರು. ಇವರು ಮಾತಾಡಿದರು. "ಇಷ್ಟು ಸರಿಯಾಗಿ ಅಲ್ಲ ಮೇಡಂ, ಇನ್ನೂ ಸ್ವಲ್ಪ ಮಂಗಳೂರು ಹಾಕಿ." ಹಾಗೆ ಪ್ರತಿ ವಾಕ್ಯಕ್ಕೂ ಒಂದು "ಎಂತ ಮಾರಾಯ್ರೆ", ಕಪ್ಪು ಬಳಿದ ಹಲ್ಲು, ಸೀದು ಹೋದ ಸಾಂಬಾರು. ವರ್ಷಗಟ್ಟಲೆ ಅದೇ. ಬಂಟ್ವಾಳದಲ್ಲಿ ಜನ ಅದನ್ನು ಟಿವಿಯಲ್ಲಿ ನೋಡಿ ನಗಾಡಿದರು, ನಗಾಡಿ ಮುಗಿದ ಮೇಲೆ "ನಮ್ಮ ಮಾನ ತೆಗೆದಳು" ಎಂದರು.

ಆ ಕಾಲದಲ್ಲಿ ಅವರ ಪಕ್ಕದ ಕೋಣೆಯಲ್ಲಿ ಸಿನಿಮಾ ಕಲಿಯುವ ಹುಡುಗಿಯೊಬ್ಬಳಿದ್ದಳು. ಅವಳ ಲ್ಯಾಪ್‌ಟಾಪಿನಲ್ಲಿ ಟೀಚರು ಒಂದು ಹಳೆಯ ಕಪ್ಪು-ಬಿಳುಪು ಅಮೆರಿಕನ್ ಸಿನಿಮಾ ನೋಡಿದರು. ಒಬ್ಬ ಮಧ್ಯವಯಸ್ಸಿನ ಹೆಂಗಸು ಬಂದು ಬಾಗಿಲು ತೆರೆದು, ಒಡಕು ಇಂಗ್ಲಿಷಿನಲ್ಲಿ ಎರಡು ಮಾತಾಡಿ ಹೋಗುತ್ತಾಳೆ. ಹುಡುಗಿ ಹೇಳಿದಳಂತೆ, ಇವಳು ಜರ್ಮನಿಯ ದೊಡ್ಡ ನಟಿ ಆಗಿದ್ದವಳು ಆಂಟಿ, ಯಹೂದಿ ಎಂದು ಅಲ್ಲಿಂದ ಓಡಿಸಿದರು. ಟೀಚರು ಆ ಬಾಗಿಲು ತೆರೆಯುವ ದೃಶ್ಯವನ್ನು ಹಿಂದೆ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅವಳ ಬದುಕನ್ನು ಆ ಹುಡುಗಿಯಿಂದ ಓದಿಸಿಕೊಂಡರು. ಬರ್ಲಿನ್ನಿನಲ್ಲಿ ಅವಳ ಮುಖ ಗೋಡೆಗೋಡೆಯಲ್ಲಿ ಇದ್ದ ಕಾಲ. ಯಹೂದಿಗಳಿಗೆ ಕೆಲಸ ಕೊಡಬಾರದೆಂಬ ಕಾನೂನು ಬರುವ ಮೊದಲೇ ಸ್ಟುಡಿಯೋದ ಫೋನು ನಿಂತದ್ದು. ತಾನೂ ನಟನಾಗಿದ್ದ ಗಂಡ, ತನ್ನ ಕೆಲಸ ಉಳಿಯಲೆಂದು ಅವಳಿಗೆ ವಿಚ್ಛೇದನ ಕೊಟ್ಟದ್ದು. ಅಮೆರಿಕದಲ್ಲಿ ಅವಳ ಹಲ್ಲು, ಕೂದಲು, ಹೆಸರು ಎಲ್ಲ ಬದಲಿಸಿದರು, ನಾಲಗೆಯನ್ನು ಬದಲಿಸಲು ಆಗಲಿಲ್ಲ. ಯುದ್ಧದ ಸಿನಿಮಾಗಳು ಶುರುವಾದಾಗ ಆ ನಾಲಗೆಗೆ ಬೇಡಿಕೆ ಬಂತು: ನಾಜಿ ಹೆಂಗಸಿನ ಪಾತ್ರ. ತನ್ನನ್ನು ಓಡಿಸಿದವರ ಸ್ವಸ್ತಿಕದ ಪಟ್ಟಿಯನ್ನೇ ತೋಳಿಗೆ ಕಟ್ಟಿಕೊಂಡು ಅವಳು ಊಟ ಸಂಪಾದಿಸಿದಳು. ಯುದ್ಧ ಮುಗಿದು ಊರಿಗೆ ಮರಳಿದಾಗ ಹಳೆಯ ಜೊತೆಗಾರರು ಹೇಳಿದರು, ನಿನಗೇನು, ನೀನು ಹೊರಗೆ ಸುಖವಾಗಿದ್ದೆ, ಬಾಂಬು ಬಿದ್ದದ್ದು ನಮ್ಮ ಮೇಲೆ.

ಧಾರಾವಾಹಿ ಮುಗಿದು ಟೀಚರು ಮೂಡುಬಿದಿರೆಗೆ ಬಂದ ಮೇಲೆ ಇದನ್ನು ತುಳುವಿನಲ್ಲಿ ಒಬ್ಬರೇ ಅಭಿನಯಿಸುವ ನಾಟಕ ಮಾಡಿದರು. ಅದನ್ನು ಬಂಟ್ವಾಳದಲ್ಲೇ ಆಡಬೇಕೆಂದು ಹಟ. ನಾನು ತಕರಾರು ತೆಗೆದೆ. "ಬರ್ಲಿನ್ನಿನ ಹೆಂಗಸು ತುಳು ಮಾತಾಡಿದರೆ ಯಾರು ನಂಬ್ತಾರೆ ಟೀಚರ್?"

"ಯಕ್ಷಗಾನದಲ್ಲಿ ಕೌರವ ಕನ್ನಡ ಮಾತಾಡಿದರೆ ನಂಬ್ತಾರಲ್ಲ."

"ಹೋಲಿಕೆಯೇ ತಪ್ಪು. ಅವಳ ಜನರನ್ನು ಸಾಲಾಗಿ ಕೊಂದರು. ನಿಮಗೆ ನಾಟಕ ತಪ್ಪಿತು, ಅಷ್ಟೇ."

ಈ ಮಾತು ಅವರಿಗೆ ನಾಟಿತು ಎಂದು ಕಂಡಿತು. ಆದರೂ ಅದನ್ನು ಹಿಂತೆಗೆಯಲು ನನಗೆ ಈಗಲೂ ಕಾರಣ ಕಾಣುವುದಿಲ್ಲ. ಟೀಚರೂ ಒಪ್ಪಿದರು. "ಸರಿಯೇ. ನಾನು ಹೋಲಿಸುವುದಲ್ಲ ಮಾರಾಯ್ತಿ, ಪಾತ್ರ ಮಾಡುವುದು. ಬಂಟ್ವಾಳದ ತಂಡದವರೆಲ್ಲ ಬಂದು ನೋಡಲಿ. ನನಗಿನ್ನೂ ಆಗ್ತದೆ ಎಂದು ಗೊತ್ತಾಗಲಿ. ಮಾಡಿದ್ದು ಎಂತ ಎಂದೂ ಗೊತ್ತಾಗಲಿ."

"ನಿಮಗೆ ಅವರನ್ನು ಬೈಯಬೇಕಾ, ಅವರಿಂದ ಪಾತ್ರ ಬೇಕಾ? ಪರವೂ ವಿರೋಧವೂ ಒಬ್ಬರೇ ಮಾತಾಡ್ಲಿಕ್ಕೆ ಆಗುವುದಿಲ್ಲ."

"ನನಗೆ ಎರಡೂ ಬೇಕು" ಎಂದರು ಟೀಚರು.

ನಮ್ಮ ಚರ್ಚಾ ತಂಡವೇ ಓಡಾಡಿ ಹಾಲ್ ಗೊತ್ತುಮಾಡಿತು. ಹಾಲ್ ಸಿಗಬೇಕಾದರೆ ಅಧ್ಯಕ್ಷರೇ ಮುಖ್ಯ ಅತಿಥಿ ಆಗಬೇಕು. ಈಗ ಅವರು ಗೌರವಾಧ್ಯಕ್ಷರು. ಆ ದಿನ ಅವರು ಸರಿಯಾದ ಸಮಯಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಹಿಂದೆ ತಂಡಗಳ ಯಜಮಾನರು, ಹಳೆಯ ನಟರು. ಆ ಹೆಣವೂ ಬಂದಿತ್ತು, ತಲೆ ನರೆತು.

ನಾಟಕದ ನಡುವೆ ಒಂದು ದೃಶ್ಯ. ಬರ್ಲಿನ್ನಿನ ನಟಿ ಫೋನಿನ ಮುಂದೆ ಕೂತಿದ್ದಾಳೆ. "ಯಾರೂ ಬೈಯಲಿಲ್ಲ, ಯಾರೂ ಹೊಡೆಯಲಿಲ್ಲ. ಎಲ್ಲರೂ ಒಳ್ಳೆಯವರೇ. ಫೋನು ಮಾತ್ರ ಮಾಡಲಿಲ್ಲ" ಎಂದು ತುಳುವಿನಲ್ಲಿ ಹೇಳಿ ಟೀಚರು ಸುಮ್ಮನಾದರು. ಮುಂದಿನ ಸಾಲನ್ನೇ ನೋಡುತ್ತಾ ಕೂತರು. ನಾನು ಸ್ಟೇಜಿನ ಬದಿಯ ವಿಂಗಿನಲ್ಲಿ ನಿಂತು ಅಧ್ಯಕ್ಷರ ಮುಖವನ್ನೇ ನೋಡುತ್ತಿದ್ದೆ. ಈಗ ಗೊತ್ತಾಗುತ್ತದೆ, ಈಗ, ಎಂದು. ಅವರು ಕಿಸೆಯಿಂದ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಹಿಂದಿನ ಸಾಲುಗಳಲ್ಲಿ ಮೂಗೇರಿಸುವ ಸದ್ದು. ಹೆಣವಾಗಿದ್ದವನಂತೂ ಬಿಕ್ಕಿಬಿಕ್ಕಿ ಅತ್ತ.

ಮುಗಿದ ಮೇಲೆ ಅಧ್ಯಕ್ಷರು ಸ್ಟೇಜಿಗೆ ಹತ್ತಿದರು. "ಎಂಥ ಜನ ಮಾರಾಯ್ರೆ ಆ ಜರ್ಮನಿಯವರು. ಒಬ್ಬ ಕಲಾವಿದೆಗೆ ಹೀಗೆ ಮಾಡುವುದಾ? ನಮ್ಮ ತುಳುನಾಡಿನಲ್ಲಿ ಇಂಥದ್ದು ಆಗಲಿಕ್ಕೆ ಸಾಧ್ಯ ಉಂಟಾ?" ಎಂದು ಸಭೆಯನ್ನೇ ಕೇಳಿದರು. ಸಭೆ ಚಪ್ಪಾಳೆ ತಟ್ಟಿತು. ಕೆಳಗೆ ಇಳಿಯುವಾಗ ಟೀಚರ ಕೈ ಹಿಡಿದು "ಅಕ್ಕ, ನಿಮ್ಮನ್ನು ಹೀಗೆ ಬಿಡ್ಲಿಕ್ಕಿಲ್ಲ. ನಾನು ಫೋನ್ ಮಾಡ್ತೇನೆ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕೊತಕೊತ ಕುದಿಯುತ್ತಿದ್ದೆ. "ಒಬ್ಬರಿಗೂ ಗೊತ್ತಾಗಲಿಲ್ಲವಲ್ಲ ಟೀಚರ್." ಅವರು ಮುಖದ ಬಣ್ಣ ಒರೆಸಿಕೊಳ್ಳುತ್ತಾ, "ಅಳು ಹೇಗೆ ಬಂತು ನೋಡಿದೆಯಾ ಅವರಿಗೆ" ಎಂದರು. ಹೆಮ್ಮೆಯೇ ಇತ್ತು ಸ್ವರದಲ್ಲಿ. ಒರೆಸಿದ ಬಟ್ಟೆ ಮಡಚಿ ಚೀಲಕ್ಕೆ ಹಾಕಿ, "ಫೋನ್ ಮಾಡ್ತಾರೆ ಎಂದು ಕಾಣ್ತದಾ ನಿನಗೆ?" ಎಂದು ಕೇಳಿದರು. ಇಲ್ಲ ಎಂದೆ. ನಮ್ಮ ಕಲಿಕೆಯಲ್ಲಿ ಸಮಾಧಾನಕ್ಕೆ ಸುಳ್ಳು ಹೇಳುವ ಅಭ್ಯಾಸ ಇರಲಿಲ್ಲ.

ಫೋನು ಬರಲಿಲ್ಲ. ಟೀಚರು ಮುಂದಿನ ಮಳೆಗಾಲದಲ್ಲಿ ಡೆಂಗ್ಯೂ ಆಗಿ ಆಸ್ಪತ್ರೆ ಸೇರಿದರು. ನೋಡಲು ಹೋದರೆ, ತಲೆದಿಂಬಿನ ಪಕ್ಕ ಚಾರ್ಜಿಗೆ ಹಾಕಿದ ಫೋನು, ಮುಖ ಮೇಲಾಗಿ. "ಇಲ್ಲಿ ಸಿಗ್ನಲ್ ಉಂಟಾ ನೋಡು" ಎಂದರು. ಇತ್ತು. ಆ ವಾರ ದಾಟಲಿಲ್ಲ ಅವರು.

ಬಂಟ್ವಾಳದಿಂದ ಕಡೆಗೂ ಕರೆ ಬಂತು, ನನಗೆ. ಅದೇ ಹಾಲಿನಲ್ಲಿ ನುಡಿನಮನ, ಶಿಷ್ಯೆಯಾಗಿ ಎರಡು ಮಾತಾಡಬೇಕಂತೆ. ಹೋದೆ. ಸ್ಟೇಜಿನಲ್ಲಿ ಟೀಚರ ದೊಡ್ಡ ಫೋಟೋ. ಯಾರೋ ಇಂಟರ್‌ನೆಟ್ಟಿನಿಂದ ತೆಗೆದದ್ದು: ಧಾರಾವಾಹಿಯ ಅಡುಗೆಯವಳು, ಕೈಯಲ್ಲಿ ಸೌಟು, ಕಪ್ಪು ಹಲ್ಲು ಬಿಟ್ಟ ನಗು. ಅದಕ್ಕೆ ಮಲ್ಲಿಗೆ ಹಾರ.

ಅಧ್ಯಕ್ಷರು ಮಾತಾಡಿದರು. ಊರಿನ ಹೆಮ್ಮೆ ಎಂದರು. ಬೆಂಗಳೂರು ಕರೆಯಿತು, ನಮ್ಮನ್ನು ಬಿಟ್ಟು ಹೋದರು ಎಂದರು. ಆಮೇಲೆ ನಗುತ್ತಾ, "ಒಮ್ಮೆ ಸ್ಟೇಜಿನಲ್ಲಿ ನನಗೇ ಗಮ್ಮತ್ತು ಮಾಡಿದ ಜನ ಅವರು" ಎಂದು ಶುರುಮಾಡಿ, ಹೆಣದ ಕಥೆಯನ್ನು ಪೂರ್ತಿ ಹೇಳಿದರು. ಚೆನ್ನಾಗಿಯೇ ಹೇಳಿದರು, ಶಾಲಿನ ಮಾತಿಗೆ ಮೊದಲು ಸರಿಯಾಗಿ ನಿಲ್ಲಿಸಿ. ಹಾಲ್ ನಕ್ಕಿತು. ನಗು ಇನ್ನೂ ಮುಗಿಯುವ ಮೊದಲೇ ಅವರು ತಮ್ಮ ಹೆಗಲಿನ ಶಾಲು ತೆಗೆದು ಫೋಟೋದ ಮೇಲೆ ಹೊದೆಸಿದರು. ಕೆಲವರ ಕಣ್ಣಲ್ಲಿ ನೀರು ಬಂತು.

ನನ್ನ ಸರದಿ. ಬರೆದು ತಂದದ್ದನ್ನು ಬಿಟ್ಟೆ. "ನನ್ನದೊಂದೇ ಪ್ರಶ್ನೆ. ಅಧ್ಯಕ್ಷರು ಹೇಳಿದ ಆ ನಾಟಕದ ನಂತರ, ಟೀಚರು ಬೆಂಗಳೂರಿಗೆ ಹೋಗುವವರೆಗೆ, ಬಂಟ್ವಾಳದಲ್ಲಿ ಅವರಿಗೆ ಸಿಕ್ಕಿದ ಮುಂದಿನ ಪಾತ್ರ ಯಾವುದು?"

ಕೇಳಿ, ನಿಂತೆ. ಅಧ್ಯಕ್ಷರ ಮುಖವನ್ನೇ ನೋಡುತ್ತಾ ನಿಂತೆ. ಫ್ಯಾನಿನ ಸದ್ದು ಕೇಳಿಸತೊಡಗಿತು. ತಂಡದ ಯಜಮಾನನೊಬ್ಬ ಚಪ್ಪಲಿ ನೋಡಿಕೊಂಡ. ಹೆಣವಾಗಿದ್ದವನು ಬಾಗಿಲ ಕಡೆ ನೋಡಿದ. ಉತ್ತರವನ್ನೂ ನಾನೇ ಹೇಳಿಬಿಡುವುದರಲ್ಲಿದ್ದೆ, ತಡೆದೆ. ಸಭೆಗೆ ಕಷ್ಟವಾಯಿತು. ಆಗಲಿ ಎಂದುಕೊಂಡೆ.

ಮೊದಲು ಬಾಯಿ ತೆರೆದದ್ದು ಅಧ್ಯಕ್ಷರು.

"ಹೊರಗೆ ಟೀ, ಗೋಳಿಬಜೆ ಉಂಟು. ಎಲ್ಲರೂ ತಿಂದೇ ಹೋಗಬೇಕು."

ಈಗ ನಾನು ಬೆಳ್ತಂಗಡಿ ಕೋರ್ಟಿನಲ್ಲಿ ಜೂನಿಯರ್ ವಕೀಲೆ. ಸಾಕ್ಷಿಗೆ ಪ್ರಶ್ನೆ ಹಾಕಿ ಸುಮ್ಮನೆ ನಿಲ್ಲುವುದನ್ನು ಕಂಡು ಸೀನಿಯರು, ಎಲ್ಲಿ ಕಲಿತದ್ದು ಇದನ್ನು ಎಂದು ಕೇಳುತ್ತಾರೆ. ಆ ದಿನ ಟೀಚರ ನಿಯಮದ ಪ್ರಕಾರ ಅಧ್ಯಕ್ಷರು ಸೋತರು, ಅದರಲ್ಲಿ ನನಗೆ ಸಂಶಯವಿಲ್ಲ. ಅವರು ಮಾತು ಮುಗಿಸಿದ್ದೇ ಕುರ್ಚಿಗಳು ಸರಿದವು. ಹಾಲಿನಲ್ಲಿದ್ದವರೆಲ್ಲ ಎದ್ದು ಬಿಸಿ ಗೋಳಿಬಜೆಗೆ ಸಾಲು ನಿಂತರು.