ಇಪ್ಪತ್ತೈದು ವರ್ಷದ ಮೇಲೆ ಒಂದು ಕೌಬಾಯ್ ನಾಟಕ

ಆಗ ನಾನು ಅಮೆರಿಕದ ಸನ್ನಿವೇಲ್‌ನ ಒಂದು ಪುಟ್ಟ ಕಂಪನಿಯಲ್ಲಿದ್ದೆ. ಇಂಟರ್ನೆಟ್ಟಿನಲ್ಲಿ ರೇಡಿಯೋ ಕೇಳಿಸುವುದು ನಮ್ಮ ಕೆಲಸ. ಸಾಫ್ಟ್‌ವೇರೇನೋ ಸಿದ್ಧವಾಯಿತು, ಕೇಳಿಸಲು ಏನೂ ಇರಲಿಲ್ಲ. ಹಳೇ ಕಾಲದ ಹಾಗೆ ಒಂದು ಕೌಬಾಯ್ ನಾಟಕ ಮಾಡೋಣ ಎಂದು ಮೀಟಿಂಗಿನಲ್ಲಿ ಬಾಸ್ ಅಂದಾಗ ನಾನು ಕೈ ಎತ್ತಿದೆ. ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯ ಮುದುಕರೊಬ್ಬರು ಅಂಥವನ್ನೇ ಬರೆದು ಬದುಕಿದವರು.

ಇಪ್ಪತ್ತೆರಡನೇ ವಯಸ್ಸಿಗೇ ರೇಡಿಯೋಗೆ ಬರೆಯಲು ಶುರುಮಾಡಿದ್ದರಂತೆ. ಟೀವಿ ಬಂದಾಗ ಅದಕ್ಕೂ ಬರೆದರು. ಆಮೇಲೆ ಜನಕ್ಕೆ ಕೌಬಾಯ್‌ಗಳು ಸಾಕಾದರು. ಇವರು ಶೂ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ರಿಟೈರ್ ಆದರು. ನಾಟಕ ಬರೆದು ಆಗಲೇ ಇಪ್ಪತ್ತೈದು ವರ್ಷವಾಗಿತ್ತು. ನಾನು ವಿಷಯ ಹೇಳಿದಾಗ ಬಾಗಿಲಲ್ಲೇ ನಿಂತು, "ನಾನು ಇನ್ನೂ ಸತ್ತಿಲ್ಲ ಅಂತ ನಿಮ್ಮ ಆಫೀಸಿಗೆ ಯಾರು ಹೇಳಿದರು?" ಅಂದರು.

ಒಂಬತ್ತೇ ದಿನದಲ್ಲಿ ಬರೆದುಕೊಟ್ಟರು, ಹಳದಿ ಹಾಳೆಗಳಲ್ಲಿ, ಪೆನ್ಸಿಲ್ಲಿನಲ್ಲಿ. ಟೈಪ್ ಮಾಡಿದವಳು ನಾನು. ದನ ಕದ್ದ ತಮ್ಮನನ್ನು ತಾನೇ ಹಿಡಿಯಬೇಕಾಗಿ ಬಂದ ಒಬ್ಬ ಶೆರೀಫನ ಕಥೆ.

ರೆಕಾರ್ಡಿಂಗಿನ ದಿನ ನಾಟಕ ಮೂರು ನಿಮಿಷ ಉದ್ದವಾಯಿತು. ನಿರ್ದೇಶಕ ಗಡಿಯಾರ ನೋಡಿ, "ಕುದುರೆ ಸವಾರಿ ತೆಗೆದುಬಿಡೋಣ" ಅಂದ.

"ಕುದುರೆ ತಂಟೆಗೆ ಬರಬೇಡಿ," ಎಂದು ಮುದುಕರು, ಅಣ್ಣ ಕೊನೆಯಲ್ಲಿ ತಮ್ಮನಿಗೆ ಹೇಳುವ ಎರಡು ಪುಟದ ಮಾತಿಗೇ ಗೆರೆ ಎಳೆದರು.

"ಅಯ್ಯೋ, ಅದೇ ಅಲ್ಲವಾ ಚೆನ್ನಾಗಿದ್ದದ್ದು!" ಅಂದೆ.

"ಚೆನ್ನಾಗೇ ಇತ್ತು. ಕೇಳುವವರು ಅಣ್ಣನನ್ನು ಮರೆತು ನನ್ನನ್ನು ಮೆಚ್ಚಿಕೊಳ್ಳುತ್ತಿದ್ದರು."

ಆ ಜಾಗದಲ್ಲಿ ಎರಡೇ ಮಾತು ಬರೆದರು. ಅಣ್ಣ, "ಊಟ ಆಯ್ತಾ?" ಅನ್ನುತ್ತಾನೆ. ತಮ್ಮ, "ಇಲ್ಲ" ಅನ್ನುತ್ತಾನೆ. ತಟ್ಟೆ ಸರಿಸುವ ಸದ್ದು. ಸ್ವಲ್ಪ ಹೊತ್ತಾದ ಮೇಲೆ ಬೇಡಿ ಹಾಕುವ ಸದ್ದು. ರೆಕಾರ್ಡಿಂಗ್ ಮುಗಿದಾಗ ನಿರ್ದೇಶಕ ಹೆಡ್‌ಫೋನು ತೆಗೆದು ಅವರ ಕೈ ಹಿಡಿದುಕೊಂಡ.

ಶುಕ್ರವಾರ ಸಂಜೆ ಪ್ರಸಾರವಾಯಿತು. ಜನ ಮುಗಿಬಿದ್ದು ಸರ್ವರು ಎರಡು ಸಲ ಕೂತುಬಿಟ್ಟಿತು. ಅದನ್ನು ಎಬ್ಬಿಸುವುದು ನನ್ನ ಪಾಲಿನ ಕೆಲಸ. ಅಷ್ಟು ಖುಷಿಯಿಂದ ಆ ಕೆಲಸ ನಾನು ಯಾವತ್ತೂ ಮಾಡಿರಲಿಲ್ಲ. ಸೋಮವಾರ ಬಾಸೇ ನನ್ನ ಜೊತೆ ಬಂದು ಮುದುಕರ ಬಾಗಿಲು ತಟ್ಟಿ, ಇನ್ನೂ ಹನ್ನೆರಡು ಕಂತು ಬೇಕು ಅಂದರು.

"ಬರೀತೀನಿ. ಆದರೆ ಹೆಸರು ಇಬ್ಬರದೂ ಬರಬೇಕು," ಎಂದು ಮುದುಕರು ನನ್ನ ಕಡೆ ತಿರುಗಿದರು. "ಟೈಪ್ ಮಾಡುವಾಗ ನನಗೆ ಹೇಳದೆ ನಾಲ್ಕು ಕಡೆ ತಿದ್ದಿದ್ದೀಯ. ನಾಲ್ಕೂ ಸರಿಯಾಗಿದ್ದವು."

ನನ್ನ ಮುಖ ಕೆಂಪಾಯಿತು. ಮಾರನೇ ದಿನವೇ ಅವರ ಅಡುಗೆಮನೆಯ ಮೇಜಿನ ಮುಂದೆ ಇಬ್ಬರೂ ಬರೆಯಲು ಕೂತೆವು. ಕಂಪನಿ ಮುಚ್ಚುವುದರೊಳಗೆ ಹನ್ನೆರಡು ಕಂತೂ ಪ್ರಸಾರವಾದವು. ಎಂಟನೆಯದು ಪೂರ್ತಿ ನನ್ನದೇ.